ಚಪ್ಪಲಿ ಮೆಟ್ಟುವಾಗ ಹೇಳುವ ಮಾತು

ನಮ್ಮ ಕಡೆ ಮನೆಗೆ ಬಂದವರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ. ಮೊದಲು ನೀರು ಕುಡಿಯುತ್ತಾರೆ. ಮಳೆಯ ಮಾತಾಡುತ್ತಾರೆ, ಎಮ್ಮೆ ಈಯಿತೇ ಎಂದು ಕೇಳುತ್ತಾರೆ, ಗೋಡೆಯ ಮೇಲಿನ ಫೋಟೋದಲ್ಲಿ ಇರುವವರು ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಚಹಾ ಮುಗಿಯುತ್ತದೆ. ‘ಬರ್ತೀವ್ರಿ ಹಂಗಾರ’ ಎಂದು ಏಳುತ್ತಾರೆ. ಹೊಸ್ತಿಲು ದಾಟಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹೆಬ್ಬೆರಳಿನಿಂದ ತಡಕುತ್ತ, ಮರೆತದ್ದೇನೋ ಈಗ ನೆನಪಾಯಿತೆಂಬ ಹಾಗೆ, ‘ಅಂದಂಗ, ನಿಮ್ಮ ಹುಡುಗೀನ ಒಂದು ಕಡೆ ಕೇಳ್ಯಾರ’ ಎನ್ನುತ್ತಾರೆ. ಅಷ್ಟು ಹೇಳಲಿಕ್ಕೇ ಅವರು ಬಿಸಿಲಲ್ಲಿ ಬಸ್ಸು ಬದಲಿಸಿ ಬಂದಿರುತ್ತಾರೆ.

ನರೇಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ನಾನು ಇದನ್ನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಆದರೆ ಪ್ರಬಂಧ ಬರೆಯುವ ರೀತಿಯೂ ಇದೇ ಎಂದು ನನಗೆ ಹೇಳಿದವರು ರೋಣದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದವರು. ಅವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ. ‘ಹೆಸರು ಹಾಕಿದ್ರ ಜನ ಹೆಸರು ಓದಿ ಮುಂದ ಹೋಗ್ತಾರ, ಮನಶ್ಯಾ ಅಲ್ಲೇ ಉಳೀತಾನ’ ಎಂಬುದು ಅವರದೇ ಮಾತು.

ಎರಡು ಸಾವಿರದ ಇಸವಿ ಕಳೆದು ಹೆಚ್ಚು ದಿನವಾಗಿರಲಿಲ್ಲ. ನಾನು ರೋಣದಲ್ಲಿ ಒಂದು ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದೆ. ನಮ್ಮಲ್ಲಿ ಮಕ್ಕಳಿಗೊಂದು ಪ್ರಬಂಧ ಸ್ಪರ್ಧೆ ಇಟ್ಟಿದ್ದರು, ವಿಷಯ ‘ದೂರದರ್ಶನದ ಲಾಭ ಮತ್ತು ಹಾನಿ’. ನಿರ್ಣಾಯಕರಾಗಿ ಬಂದ ಸರ್ ಮುಖ್ಯಗುರುಗಳ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಹಾಳೆಗಳನ್ನು ತಿರುವಿ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತು. ಅವರ ಕಣ್ಣುಗಳು ಅರ್ಧ ಮುಚ್ಚಿದ್ದವು. ಎಲ್ಲ ಹಾಳೆಗಳಲ್ಲೂ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕೆಳಗೆರೆ ಎಳೆದು ಬರೆದಿತ್ತು. ನಾವೇ ಹಾಗೆ ಕಲಿಸಿದ್ದೆವು. ಇದ್ದಕ್ಕಿದ್ದಂತೆ ಅವರು ನೆಟ್ಟಗೆ ಕುಳಿತರು. ಒಬ್ಬ ಹುಡುಗಿ ಲಾಭವನ್ನೂ ಬರೆದಿರಲಿಲ್ಲ, ಹಾನಿಯನ್ನೂ ಬರೆದಿರಲಿಲ್ಲ. ಪಕ್ಕದ ಮನೆಗೆ ಟಿ.ವಿ. ನೋಡಲು ಹೋದವರ ಮುಂದೆಲ್ಲ ಆ ಮನೆಯಾಕೆ ಶೇಂಗಾದ ಬುಟ್ಟಿ ತಂದಿಡುತ್ತಾಳೆ, ಧಾರಾವಾಹಿ ಮುಗಿಯುವುದರೊಳಗೆ ಸುಲಿದು ಮುಗಿಸಬೇಕು, ಅಳುವ ದೃಶ್ಯ ಬಂದ ದಿನ ಶೇಂಗಾ ಉಳಿದುಬಿಡುತ್ತದೆ ಎಂದು ಬರೆದು ನಿಲ್ಲಿಸಿದ್ದಳು.

ಸರ್ ಅದಕ್ಕೆ ಮೊದಲ ಬಹುಮಾನ ಕೊಟ್ಟರು. ಮುಖ್ಯಗುರುಗಳು ಬೆವರು ಒರೆಸಿಕೊಂಡರು.

‘ಸರ್, ಇದಕ್ಕ ಉಪಸಂಹಾರನ ಇಲ್ಲಲ್ರಿ?’

‘ಶೇಂಗಾ ಉಳೀತಲ್ರಿ. ಇನ್ನ ಏನು ಉಪಸಂಹಾರ ಬೇಕು ನಿಮಗ?’

ಹೊರಡುವಾಗ ಬಾಗಿಲ ಬಳಿ ನಿಂತು ನನ್ನ ಕಡೆ ತಿರುಗಿದರು. ‘ಅಂದಂಗ ಅಕ್ಕೋರ, ನೀವೂ ಏನಾರ ಬರೀತೀರೇನು? ಬರೀದಿದ್ರೂ ನಡೀತೈತಿ. ಐತವಾರ ನಮ್ಮ ಕಾಲೇಜಿನ ಕಡೆ ಬರ್ರಿ, ನಾಕು ಮಂದಿ ಕುಂತು ಮಾತಾಡ್ತೀವಿ’ ಎಂದರು. ಹೀಗೆಂದವರೇ ಮುಖ್ಯಗುರುಗಳ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟರು. ಹಿಂದಿನಿಂದ ಕೂಗಿದೆವು. ಅವರು ಕೈ ಬೀಸಿ ನಮಸ್ಕಾರ ಮಾಡಿದರು. ಅದು ಅವರ ಹುಟ್ಟುಗುಣವೆಂದು ನಮಗೆ ಆಮೇಲೆ ಗೊತ್ತಾಯಿತು. ಬಾಗಿಲಲ್ಲಿ ಯಾವ ಜೋಡು ಕಾಲಿಗೆ ಸಿಕ್ಕಿತೋ ಅದೇ ಅವರದು.

ನಮ್ಮ ಆ ಬಳಗಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಒಂದು ಭಾನುವಾರ ರೋಣದಲ್ಲಿ, ಮುಂದಿನ ಸಲ ನರಗುಂದದಲ್ಲಿ, ಆಮೇಲೆ ಗಜೇಂದ್ರಗಡದಲ್ಲಿ ಸೇರುತ್ತಿದ್ದೆವು. ನರಗುಂದದಲ್ಲಿ ನಮ್ಮ ಜಾಗವೆಂದರೆ ಔಷಧ ಅಂಗಡಿಯ ಅಟ್ಟ. ಅಂಗಡಿಯ ಮಾಲೀಕರೂ ಬಳಗದವರೇ. ಕೆಳಗೆ ಗಿರಾಕಿ ಬಂದು ಕೂಗಿದರೆ ಓದುವುದನ್ನು ಅರ್ಧಕ್ಕೆ ಬಿಟ್ಟು ಇಳಿದು ಹೋಗಿ, ಗುಳಿಗೆ ಕೊಟ್ಟು, ಮೇಲೆ ಬಂದು ಅದೇ ಸಾಲಿನಿಂದ ಮುಂದುವರಿಸುತ್ತಿದ್ದರು. ಗಜೇಂದ್ರಗಡದಲ್ಲಿ ಸರ್ ಅವರ ಮನೆಯ ಪಡಸಾಲೆ. ಅವರ ಹಿರಿಯರು ಸೀರೆ ವ್ಯಾಪಾರದವರು. ಮನೆಯ ಹಿಂದಿನ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಆ ವರ್ಷಗಳಲ್ಲಿ ಗುಡ್ಡದ ಮೇಲೆ ಒಂದೊಂದಾಗಿ ಗಾಳಿಯಂತ್ರಗಳು ನಿಲ್ಲುತ್ತಿದ್ದವು. ಸರ್ ಮಾತಿನ ನಡುವೆ ಅವುಗಳನ್ನು ನೋಡುತ್ತ ಸುಮ್ಮನಾಗಿಬಿಡುವರು. ನಾವೂ ಸುಮ್ಮನಾಗುತ್ತಿದ್ದೆವು. ಬಿಳಿಯ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು, ಒಳಗೆ ಹಾಲು ಕುದಿಯುವ ವಾಸನೆ ಬರುತ್ತಿತ್ತು, ಯಾರಿಗೂ ಏನನ್ನೂ ಹೇಳಬೇಕೆನಿಸುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸರ್, ‘ಹೂಂ, ಎಲ್ಲಿದ್ವಿ?’ ಎನ್ನುವರು. ಎಲ್ಲಿದ್ದೆವೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ‘ಹೋಗ್ಲಿ ಬಿಡ್ರಿ, ಬ್ಯಾರೆ ಹಾದಿ ಹಿಡಿಯೂಣು’ ಎಂದು ಬೇರೆ ಕಡೆಯಿಂದ ಶುರು ಮಾಡುವರು.

ಪ್ರಬಂಧ ಹೇಗೆ ಕಟ್ಟಬೇಕೆಂದು ಅವರು ಒಮ್ಮೆಯೂ ಪಾಠ ಮಾಡಿದ್ದಿಲ್ಲ. ಯಾರಾದರೂ ಓದುವಾಗ ಅವರ ಕೈಗಳನ್ನು ನೋಡಿದರೆ ಸಾಕಿತ್ತು. ‘ನನ್ನ ತಾಯಿ ತ್ಯಾಗಮಯಿ, ಕರುಣಾಮಯಿ’ ಎಂದು ಶುರುವಾಯಿತೋ, ಚಾಳೀಸು ತೆಗೆದು ಒರೆಸಲು ತೊಡಗುತ್ತಿದ್ದರು. ಇಷ್ಟೊಂದು ಮಯಿಗಳು ಸೇರಿದರೆ ಗಾಜು ಮಬ್ಬಾಗುತ್ತದಂತೆ. ತಾಯಿ ರೊಟ್ಟಿ ತಟ್ಟುವಾಗ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದಳು ಎಂಬಂಥ ಒಂದು ವಾಕ್ಯ ಬಂದರೆ ಚಾಳೀಸು ಮತ್ತೆ ಮೂಗಿಗೆ ಬರುತ್ತಿತ್ತು. ತೀರ ಮೆಚ್ಚುಗೆಯಾದರೆ ಹೊಗಳುತ್ತಿರಲಿಲ್ಲ. ‘ಚಹಾ ಆಗ್ಲಿ’ ಎನ್ನುವರು, ಅಷ್ಟೇ. ಆ ಚಹಾಕ್ಕಾಗಿ ನಾವು ಬೆವರು ಹರಿಸಿ ಬರೆಯುತ್ತಿದ್ದೆವು.

ಒಮ್ಮೆ ರೋಣದಿಂದ ಗಜೇಂದ್ರಗಡಕ್ಕೆ ಅವರ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಎಲ್ಲ ಹಳ್ಳಿಗಳಲ್ಲೂ ನಿಲ್ಲುವ ಬಸ್ಸು. ಎರಡೂ ಕಡೆ ಕಪ್ಪು ಹೊಲ, ಕಡಲೆ ಹಸಿರಾಗಿತ್ತು, ಆಕಾಶ ಬಹಳ ದೊಡ್ಡದಿತ್ತು. ನನ್ನ ಪ್ರಬಂಧ ದಿಕ್ಕು ತಪ್ಪುತ್ತಿದೆ, ಒಂದು ಹೇಳಲು ಹೋಗಿ ಇನ್ನೊಂದು ಹೇಳುತ್ತೇನೆ ಎಂದು ನಾನು ಗೋಳಾಡಿದೆ. ಸರ್ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ರಾಜೂರ ಬಂತು, ಮಂದಿ ಇಳಿದರು, ಹತ್ತಿದರು. ಒಬ್ಬ ಕೋಳಿಗಳನ್ನು ತಂದಿದ್ದ. ಬಸ್ಸು ಮತ್ತೆ ಹೊರಟಿತು.

‘ಈ ಬಸ್ಸು ದಿಕ್ಕು ತಪ್ಪೈತೇನು?’ ಎಂದು ಕೇಳಿದರು.

‘ಇಲ್ರಿ.’

‘ಎಲ್ಲಾ ಊರಾಗ ನಿಂತತಿ. ಕೋಳೀನೂ ಹತ್ತಿಸಿಕೊಂಡೈತಿ. ಆದ್ರ ಮುಂದ ಬೋರ್ಡಿನ ಮ್ಯಾಲೆ ಗಜೇಂದ್ರಗಡ ಅಂತ ಐತಿ. ಡ್ರೈವರಗ ಗೊತ್ತೈತಿ. ನಿನಗ ನಿನ್ನ ಬೋರ್ಡು ಗೊತ್ತಿದ್ರ ಎಲ್ಲಿ ಬೇಕಾದಲ್ಲಿ ನಿಂದ್ರಸು.’ ಕೋಳಿಯವನ ಕಡೆ ಒಮ್ಮೆ ತಿರುಗಿ ನೋಡಿ, ‘ಆ ಬೋರ್ಡು ಓದೋರಿಗೆ ಕಾಣಬಾರ್ದು ಮತ್ತ. ಅವರು ಕೋಳಿ ನೋಡಕೋತ ಕುಂತಿರಬೇಕು’ ಎಂದರು. ಆ ಸಲವೇ ಅವರು ಚಪ್ಪಲಿಯ ಮಾತು ಹೇಳಿದ್ದು. ‘ನಮ್ಮ ಮಂದಿ ಬಂದ ಕೆಲಸ ಯಾವಾಗ ಹೇಳ್ತಾರ ನೋಡೀಯಿಲ್ಲೋ? ಪ್ರಬಂಧನೂ ಹಂಗ. ಖರೇ ಮಾತು ಚಪ್ಪಲಿ ಮೆಟ್ಟೂ ಮುಂದ ಬರಬೇಕು. ಮೊದಲ ಹೇಳಿದ್ರ ಅದು ಜಾಹೀರಾತು. ಹೇಳದನ ಹೋದ್ರ ಬರೇ ಚಹಾ ಕುಡದು ಹೋದಂಗ.’ ಇಷ್ಟು ಹೇಳಿ ಕಣ್ಣು ಮುಚ್ಚಿದವರು ಗಜೇಂದ್ರಗಡದ ನಿಲ್ದಾಣದಲ್ಲಿ ನಾನು ಎಬ್ಬಿಸುವವರೆಗೆ ನಿದ್ದೆ ಮಾಡಿದರು.

ಅವರದೊಂದೇ ಕಟ್ಟುನಿಟ್ಟು ಇತ್ತು. ಯಾರ ಬಗ್ಗೆ ಬರೆದಿದ್ದೇವೋ ಅವರ ಎದುರು ಮೊದಲು ಓದಿ ಬರಬೇಕು. ಅವರು ಹೌದು ಎನ್ನಬೇಕು. ಆಮೇಲಷ್ಟೇ ಬಳಗದಲ್ಲಿ ಓದಬಹುದು, ಪತ್ರಿಕೆಗೆ ಕಳಿಸಬಹುದು. ಸತ್ತವರ ಬಗ್ಗೆ ಬರೆದರೆ, ‘ಅಲ್ಲ’ ಎನ್ನುವ ಹಕ್ಕಿರುವವರು ಯಾರಾದರೂ ಬದುಕಿರುತ್ತಾರಲ್ಲ, ಅವರ ಎದುರು.

ಈ ನಿಯಮ ಕೇಳಿ ಬಳಗ ಬಿಟ್ಟು ಓಡಿದವರಿದ್ದಾರೆ. ಬರೆಯುವವರ ಧೈರ್ಯವೆಲ್ಲ ಬರೆಸಿಕೊಂಡವರು ಊರಲ್ಲಿ ಇಲ್ಲದಿರುವಾಗಿನದು ಎಂದು ನನಗೂ ಆಗಲೇ ತಿಳಿದದ್ದು. ಔಷಧ ಅಂಗಡಿಯವರು ತಮ್ಮ ಮಾವನವರ ಮೇಲೆ ಒಂದು ನಗೆ ಪ್ರಬಂಧ ಬರೆದಿದ್ದರು. ಆ ಹಿರಿಯರು ಮಗಳ ಮನೆಗೆ ಬರುವಾಗೆಲ್ಲ ತಮ್ಮ ತಲೆದಿಂಬನ್ನು ಬಗಲಲ್ಲಿ ಹಿಡಿದುಕೊಂಡೇ ಬಸ್ಸಿಳಿಯುತ್ತಿದ್ದರಂತೆ. ಅವರ ಎದುರು ಓದುವುದೆಂದರೆ ಅಳಿಯನಿಗೆ ನಡುಕ. ಅಂತೂ ಓದಿದರು. ಮಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ‘ಎಲ್ಲಾ ಬರೋಬ್ಬರಿ ಐತಿ. ಆದ್ರ ಯಾಕಂತ ಬರದಿಲ್ಲ ನೀನು. ನಿಮ್ಮ ಮನಿ ದಿಂಬು ಭಾಳ ಮೆತ್ತಗದಾವಪಾ. ಅವುಗಳ ಮ್ಯಾಲೆ ಮಲಗಿದ್ರ ಊರಿಗೆ ಹೋಗೂ ಮನಸ್ಸಾಗೂದಿಲ್ಲ’ ಎಂದರಂತೆ. ಮುಂದಿನ ಭಾನುವಾರ ಔಷಧ ಅಂಗಡಿಯವರು ಮಾವನ ಆ ಮಾತನ್ನೂ ಸೇರಿಸಿ ಅಟ್ಟದ ಮೇಲೆ ಓದಿದರು. ಸರ್ ಚಹಾ ತರಿಸಿದರು.

ನಾನು ನನ್ನ ಸೋದರತ್ತೆಯ ಮೇಲೆ ಬರೆದಿದ್ದೆ. ಗಂಡನ ಮನೆ ಬಿಟ್ಟು ಬಂದು ನಮ್ಮ ಜೊತೆಗೇ ಉಳಿದವಳು. ಟ್ರಂಕು ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಆಕೆ ಬಸ್ಸಿಳಿದ ದೃಶ್ಯವನ್ನು ಬರೆಯುವಾಗ ನನಗೇ ಕಣ್ಣೀರು ಬಂದಿತ್ತು. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದಳು. ಆ ಜಾಗ ಬಂದ ಕೂಡಲೇ ಮೊರ ಕೆಳಗಿಟ್ಟಳು.

‘ಅಯ್ಯ, ನಾ ಎಲ್ಲಿ ಅತ್ತೀನಿ? ಅವತ್ತು ಬಸ್ಸಿನ್ಯಾಗ ನನಗ ಕಿಡಕಿ ಸೀಟು ಸಿಕ್ಕಿತ್ತು. ದಾರಿ ತುಂಬ ಕುಸುಬಿ ಹೂ ಬಿಟ್ಟಿತ್ತು, ಹಳದಿ ಅಂದ್ರ ಹಳದಿ. ಒಬ್ಬಾಕೀನ ಕುಂತು ಅಷ್ಟು ದೂರ ಎಂದೂ ಬಂದಿದ್ದಿಲ್ಲ ನಾನು. ಅತ್ತಾಂವ ನಿಮ್ಮಪ್ಪ, ಸ್ಟ್ಯಾಂಡಿನ್ಯಾಗ ನಿಂತು.’

ನನ್ನ ಪ್ರಬಂಧ ಅಲ್ಲೇ ಬಿದ್ದುಹೋಯಿತು. ಅದರ ಜಾಗದಲ್ಲಿ ಕಿಟಕಿಯ ಸೀಟು ಬಂತು, ಕುಸುಬೆಯ ಹೂ ಬಂತು, ಅತ್ತವನು ನನ್ನಪ್ಪನಾದ. ನಾನು ಬರೆದ ಮೊದಲ ಒಳ್ಳೆಯ ಬರಹ ಅದು. ಅರ್ಧ ಅತ್ತೆಯೇ ಬರೆದದ್ದು. ಸರ್ ಕೇಳಿ, ಬಹಳ ಹೊತ್ತು ಗಾಳಿಯಂತ್ರಗಳನ್ನು ನೋಡಿ, ‘ನೋಡು, ನಾವು ನಮ್ಮ ದುಃಖ ಒಯ್ದು ಅವರ ಮೈಗೆ ಹಚ್ಚತೀವಿ. ಅವರು ನೋಡಿದ್ರ ಹೂ ನೋಡಕೋತ ಬಂದಿರತಾರ’ ಎಂದರು.

ಸರ್ ಊರಿನವರೆಲ್ಲರ ಮೇಲೂ ಬರೆದಿದ್ದರು. ಬೀಗ ರಿಪೇರಿಯವನ ಮೇಲೆ, ಲಕ್ಕಲಕಟ್ಟಿಯ ತಮ್ಮ ಬಾಲ್ಯದ ಗೆಳೆಯನ ಮೇಲೆ, ಬಳೆ ಇಡಿಸುತ್ತಿದ್ದ ತಮ್ಮ ಅಜ್ಜಿಯ ಮೇಲೆ. ಎಲ್ಲರೂ ಹೌದೆಂದದ್ದೇ. ಆದರೆ ಹೆಂಡತಿಯ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಆಕೆಯನ್ನು ನಾವು ಅಮ್ಮಾರು ಎನ್ನುತ್ತಿದ್ದೆವು. ಗಜೇಂದ್ರಗಡದ ಸಭೆಗಳಲ್ಲಿ ಅವರು ಹೊರಗೆ ಬಂದು ಕೂರುತ್ತಿರಲಿಲ್ಲ, ಒಳಗಿನ ಕೋಣೆಯ ಪರದೆಯ ಹಿಂದೆ ಅವರ ಕೆಲಸ ನಡೆದಿರುತ್ತಿತ್ತು. ಸರ್ ಏನಾದರೂ ಕಥೆ ಹೇಳುವಾಗ ಪರದೆಯ ಹಿಂದಿನಿಂದ ಒಂದು ಶಬ್ದ ಬರುತ್ತಿತ್ತು. ‘ಅಲ್ಲ.’ ಸರ್ ತಟ್ಟನೆ ನಿಲ್ಲಿಸುವರು. ‘ಅದು ಬಾರಿಗಿಡ ಅಲ್ಲ, ಬೇವಿನ ಗಿಡ.’ ಸರ್, ‘ಹಾಂ, ಬೇವಿನ ಗಿಡ’ ಎಂದು ತಿದ್ದಿಕೊಂಡು ಮುಂದುವರಿಸುವರು. ಒಮ್ಮೆ ಬಳಗದಲ್ಲಿ ಯಾರೋ ಕೇಳಿಯೇಬಿಟ್ಟರು, ‘ಸರ್, ಅಮ್ಮಾರ ಮ್ಯಾಲೆ ಯಾಕ ಬರೀಲಿಲ್ರಿ?’ ಸರ್ ಪರದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಬರದ್ರ ಅಕಿ ಮುಂದ ಓದಬೇಕಲ್ಲಪಾ’ ಎಂದರು. ನಾವೆಲ್ಲ ಗೊಳ್ಳೆಂದು ನಕ್ಕೆವು. ಹುಲಿಯಂಥ ಗುರುವಿಗೂ ಒಬ್ಬ ಗುರು ಇದ್ದಾರೆಂದು ನಮಗೆ ಒಳಗೊಳಗೇ ಖುಷಿ.

ಸರ್ ನಿವೃತ್ತರಾದರು. ಆಮೇಲೂ ಬಸ್ಸುಗಳಲ್ಲಿ ತಿರುಗುವುದು ಬಿಡಲಿಲ್ಲ. ಒಂದು ಚಳಿಗಾಲದ ಮಧ್ಯಾಹ್ನ ಊಟ ಮಾಡಿ, ಕಿಟಕಿಯ ಕಡೆ ಮುಖ ಮಾಡಿ ಮಲಗಿದವರು ಸಂಜೆಯ ಚಹಾಕ್ಕೆ ಏಳಲಿಲ್ಲ. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯವನ್ನು ಮುಗಿಸಿದೆ, ಆದರೆ ಏನು ಬರೆದೆನೆಂದು ಈಗಲೂ ನೆನಪಾಗುವುದಿಲ್ಲ. ಅಪ್ಪ ಸತ್ತಾಗ ಅತ್ತಷ್ಟೇ ಅತ್ತುಬಿಟ್ಟೆ.

ಬಳಗದವರು ಸೇರಿ ಅವರ ನೆನಪಿನ ಒಂದು ಪುಸ್ತಕ ತರಬೇಕೆಂದು ಗೊತ್ತುಮಾಡಿದರು. ವ್ಯಕ್ತಿಚಿತ್ರ ನಾನು ಬರೆಯಬೇಕೆಂದಾಯಿತು. ನಿಯಮ ಇದ್ದೇ ಇತ್ತಲ್ಲ, ಅದನ್ನು ಅಮ್ಮಾರ ಎದುರು ಓದಿ ಹೌದು ಅನ್ನಿಸಿಕೊಂಡು ಬರಬೇಕು. ಅವರು ಆಗ ಇದ್ದತ್ತಿನಲ್ಲಿದ್ದರು. ಅವರಲ್ಲಿ ಗಂಡ ತೀರಿದ ಮೇಲೆ ಕೆಲವು ತಿಂಗಳು ಹೆಂಡತಿ ಮನೆ ಬಿಟ್ಟು ಹೊರಬರದೆ, ಹೊರಗಿನ ಗಂಡಸರ ಎದುರು ಬಾರದೆ ಕಳೆಯುವ ದಿನಗಳು ಅವು. ‘ನಾವು ಗಂಡಸರು ಹೋಗಂಗಿಲ್ರಿ. ನೀವ ಹೋಗಬೇಕು. ಹೌದು ಅಂದ ಕೂಡಲೆ ನನಗ ಫೋನ್ ಹಚ್ಚರಿ, ಪ್ರೆಸ್ಸಿನವ ಕಾಯಾಕ ಹತ್ತ್ಯಾನ’ ಎಂದರು ಔಷಧ ಅಂಗಡಿಯವರು.

ಹೀಗೆ ನಾನು ಮೊದಲ ಸಲ ಪರದೆಯ ಆಚೆಗೆ ಹೋದೆ. ಸಣ್ಣ ಕೋಣೆ. ಇಲ್ಲಿಯೂ ಒಂದು ಕಿಟಕಿ, ಅದೇ ಗುಡ್ಡ, ಅವೇ ರೆಕ್ಕೆಗಳು. ಸರ್ ಪಡಸಾಲೆಯಿಂದ ನೋಡುತ್ತಿದ್ದುದನ್ನೇ ಅಮ್ಮಾರು ಇಷ್ಟು ವರ್ಷ ಇಲ್ಲಿಂದ ನೋಡುತ್ತಿದ್ದರೆಂದು ನನಗೆ ಹೊಳೆದಿರಲೇ ಇಲ್ಲ. ಬಿಳಿ ಓಢಣಿ ಹೊದ್ದು ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ನಾನು ಓದಿದೆ. ಸರ್ ಅವರ ಸಾವಿನಿಂದಲೇ ಶುರು ಮಾಡಿದ್ದೆ. ಬಾಗಿಲಲ್ಲಿ ಅವರ ಚಪ್ಪಲಿಗಳು ಇನ್ನೂ ಒಡೆಯನಿಗಾಗಿ ಕಾಯುತ್ತಿವೆ ಎಂದು ಮುಗಿಸಿದ್ದೆ. ಆ ಕೊನೆಯ ಸಾಲಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

‘ಅಲ್ಲ’ ಎಂದರು ಅಮ್ಮಾರು.

‘ಯಾವ್ದ್ರೀ ಅಮ್ಮಾರ?’

‘ಆ ಚಪ್ಪಲಿ ಅವರವಲ್ಲ. ನರಗುಂದದಾಗ ಯಾರದೋ ಮೆಟಗೊಂಡು ಬಂದಾರ. ಯಾರವೋ ಅವರು ಬಂದು ಒಯ್ಯಲಿ ಅಂತ ಬಾಗಲದಾಗ ಇಟ್ಟೀನಿ.’ ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಬದಿಗೆ ಸರಿಸಿದರು. ‘ಮತ್ತ ಬಂದ ಕೂಡಲೆ ಸತ್ತ ಸುದ್ದಿ ಹೇಳ್ತಾರೇನು ಬೇಟಿ? ನೀರು ಕುಡದ ಮ್ಯಾಲೆ ಹೇಳ್ತಾರ.’

ನಾನು ಔಷಧ ಅಂಗಡಿಯವರಿಗೆ ಫೋನ್ ಮಾಡಿ ಚಪ್ಪಲಿಯ ಗುರುತು ಹೇಳಿದೆ. ‘ಅವು ನನ್ನವರಿ. ಸರ್‌ದು ನನ್ನ ಕಡೆ ಅದಾವ. ಒಂದೀಟು ದೊಡ್ಡವಾಗತಾವ. ದಿನಾ ಅವನ್ನ ಮೆಟ್ಟಾಕ ಹತ್ತೀನಿ’ ಎಂದರು. ಆಮೇಲೆ, ‘ಬದಲಿ ಮಾಡೂದು ಬ್ಯಾಡ ಬಿಡ್ರಿ’ ಎಂದು ಫೋನ್ ಇಟ್ಟರು. ನನಗೆ ಅಭಿಮಾನವಿದ್ದ ಸಾಲು ಹೀಗೆ ಹೋಯಿತು.

ಎರಡನೆಯ ಸಲ ಸಾವನ್ನು ಹಿಂದಕ್ಕೆ ಸರಿಸಿ, ಸರ್ ಅವರ ಮಾತುಗಳನ್ನೆಲ್ಲ ಸೇರಿಸಿ ಬರೆದುಕೊಂಡು ಹೋದೆ. ‘ಅಲ್ಲ. ಅವರು ಇಷ್ಟು ಶಾಣ್ಯಾ ಇದ್ದಿಲ್ಲ’ ಎಂದರು ಅಮ್ಮಾರು. ಮುಂದಿನ ಭಾನುವಾರ ಅವರ ಮರೆವು, ನಿದ್ದೆ, ಬಸ್ಸಿನ ಪಜೀತಿಗಳನ್ನು ತುಂಬಿಕೊಂಡು ಹೋದೆ. ನಡುನಡುವೆ ಅಮ್ಮಾರು ನಕ್ಕರು, ಒಂದು ಕಡೆ ಓಢಣಿಯಿಂದ ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡೆ. ‘ಅಲ್ಲ. ಅಷ್ಟೊಂದು ಹುಚ್ಚರೂ ಇದ್ದಿಲ್ಲ’ ಎಂದರು.

ಪ್ರೆಸ್ಸಿನವನು ಸಿಟ್ಟಿಗೆದ್ದ. ಉಳಿದವರ ಬರಹಗಳೆಲ್ಲ ಅಚ್ಚಾಗಿ ನನ್ನದೊಂದಕ್ಕೆ ಪುಟ ಬಿಟ್ಟು ಕುಳಿತಿದ್ದ. ಔಷಧ ಅಂಗಡಿಯವರು ಫೋನಿನಲ್ಲಿ ಮೊದಲಿನಂತೆ ಉಭಯಕುಶಲ ಕೇಳುವುದನ್ನೂ ಬಿಟ್ಟು, ‘ಹೂಂ ಅಂದ್ರೇನ್ರಿ?’ ಎಂದೇ ಶುರು ಮಾಡುತ್ತಿದ್ದರು. ನನಗೆ ಪ್ರೆಸ್ಸಿನ ಚಿಂತೆಗಿಂತ ಬೇರೊಂದು ಹೆದರಿಕೆ ಹತ್ತಿತ್ತು. ಇಷ್ಟು ವರ್ಷ ಹಿಂದೆ ಮುಂದೆ ಓಡಾಡಿಯೂ ಈ ಮನುಷ್ಯ ನನಗೆ ಗೊತ್ತೇ ಇರಲಿಲ್ಲವೇ? ನಾನು ನೆನಪಿಟ್ಟುಕೊಂಡವರು ಬೇರೆ ಯಾರೋ, ಬದುಕಿದ್ದವರು ಬೇರೆ ಯಾರೋ ಆಗಿದ್ದರೆ? ಆಗ ನಾನು ಅವರನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆಯೇ ಸರಿ. ಬಸ್ಸಿನಲ್ಲಿ ಒಬ್ಬಳೇ ಕುಳಿತು ಹೊಲಗಳನ್ನು ನೋಡುವಾಗ ಇದೇ ಸುತ್ತುತ್ತಿತ್ತು. ಕಡಲೆ ಕಿತ್ತಾಗಿತ್ತು. ಕಪ್ಪು ನೆಲ ಬಾಯಿಬಿಟ್ಟುಕೊಂಡು ಬಿಸಿಲು ಕುಡಿಯುತ್ತಿತ್ತು.

ಕೊನೆಗೆ ಒಂದು ಭಾನುವಾರ ಎಲ್ಲವನ್ನೂ ಬಿಟ್ಟು, ನನಗೆ ನೆನಪಿದ್ದಂತೆ, ಕಟ್ಟದೆ, ಸಿಂಗರಿಸದೆ ಬರೆದು ತಂದೆ. ಶೇಂಗಾದ ಹುಡುಗಿಯಿಂದ ಹಿಡಿದು ಚಾಳೀಸಿನವರೆಗೆ, ಕೋಳಿಯ ಬಸ್ಸಿನಿಂದ ನನ್ನ ಅತ್ತೆಯ ಕುಸುಬೆ ಹೂವಿನವರೆಗೆ. ಎಲ್ಲರ ಮೇಲೂ ಬರೆದ ಸರ್ ಹೆಂಡತಿಯ ಮೇಲೆ ಮಾತ್ರ ಬರೆಯಲಿಲ್ಲ ಎಂಬುದನ್ನೂ ಅಳುಕುತ್ತಲೇ ಓದಿದೆ. ಅಮ್ಮಾರ ಕೈಯಲ್ಲಿ ಆ ದಿನ ಯಾವ ಕೆಲಸವೂ ಇರಲಿಲ್ಲ. ಮುಗಿಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಗಾಳಿಯಂತ್ರಗಳ ಉದ್ದನೆಯ ನೆರಳು ಗುಡ್ಡದ ಮೈಮೇಲೆ ತಿರುಗುತ್ತಿತ್ತು. ನಾವಿಬ್ಬರೂ ನೋಡುತ್ತ ಕುಳಿತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ನಿದ್ದೆ ಬಂದ ಹಾಗೂ ಆಗಿತ್ತು. ಪಡಸಾಲೆಯಿಂದ ಈಗ ‘ಎಲ್ಲಿದ್ವಿ?’ ಎಂಬ ದನಿ ಬರಬಹುದೆಂದು ಕಾದ ಹಾಗೂ ಆಗಿತ್ತು.

‘ಅಲ್ಲ’ ಎಂದರು ಅಮ್ಮಾರು, ಬಹಳ ಮೆಲ್ಲಗೆ.

ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದೆ. ‘ಬರ್ತೀನ್ರಿ ಅಮ್ಮಾರ’ ಎಂದು ಎದ್ದೆ. ಅವರು ಬಾಗಿಲ ಒಳಗಿನ ಮೆಟ್ಟಿಲವರೆಗೆ ಬಂದು ನಿಂತರು. ಅದಕ್ಕಿಂತ ಆಚೆ ಅವರು ಬರುವ ಹಾಗಿರಲಿಲ್ಲ. ಔಷಧ ಅಂಗಡಿಯವರ ಜೋಡಿನ ಪಕ್ಕ ನನ್ನವು ಇದ್ದವು. ಒಂದನ್ನು ಮೆಟ್ಟಿದೆ.

‘ಅಂದಂಗ ಬೇಟಿ’ ಎಂದರು.

ನಮ್ಮ ಕಡೆ ಆ ಮಾತು ಹೊರಟವರು ಆಡುವುದು. ಮನೆಯವರು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ತಿರುಗಿ ನಿಂತೆ.

‘ಅವರು ನನ್ನ ಮ್ಯಾಲೆ ಬರೀಲಿಲ್ಲ ಅಂತ ಬರದೀಯಲ್ಲ, ಅದು ಅಲ್ಲ. ಬರೀತಿದ್ರು. ಲಗ್ನ ಆದ ವರ್ಷದಿಂದನ ಬರೀತಿದ್ರು. ಬರದು ತಂದು ಆ ಕ್ವಾಣ್ಯಾಗ ಕುಂತು ಓದತಿದ್ರು. ನಾ ಅಲ್ಲ ಅಂತಿದ್ದೆ. ಎದ್ದು ಹೋಗಿ ನೀರೊಲಿಗೆ ಹಾಕಿ ಬರತಿದ್ರು. ಮತ್ತ ಬರೀತಿದ್ರು. ಎಷ್ಟು ಜಳಕದ ನೀರು ಕಾದಾವೋ ಅದರ ಮ್ಯಾಲೆ.’

‘ಅಷ್ಟೂ ತಪ್ಪಿದ್ವೇನ್ರಿ?’

‘ತಪ್ಪು? ಅಂವಾ ಯಾಕ ತಪ್ಪು ಬರೀತಾನ? ಎಲ್ಲಾ ಖರೇನ ಇದ್ವು.’ ಗಂಡನನ್ನು ಅವರು ಏಕವಚನದಲ್ಲಿ ಅಂದದ್ದು ಅದೊಂದೇ ಸಲ. ಅವರಿಗೂ ಅದು ಗಮನಕ್ಕೆ ಬಂದು ಸೆರಗು ಸರಿಮಾಡಿಕೊಂಡರು. ‘ಒಂದರಾಗಂತೂ ನನಗ ಗೊತ್ತಿಲ್ಲದ ನಾ ಇದ್ದೆ.’

‘ಮತ್ತ ಯಾಕ ಅಲ್ಲ ಅಂದ್ರಿ?’

‘ಹೌದು ಅಂದಿದ್ರ ಅಲ್ಲಿಗೆ ಮುಗೀತಿತ್ತಲ್ಲ ಬೇಟಿ. ಪೇಪರಿಗೆ ಕಳಸಿ, ಮತ್ತ್ಯಾರನರ ನೋಡಕೋತ ಬಸ್ ಹತ್ತತಿದ್ರು. ಅಲ್ಲ ಅಂದ್ರ, ಚಾಳೀಸು ಒರಸಿಕೊಂಡು, ಎದರಿಗೆ ಕುಂತು ಮತ್ತ ಹೊಸದಾಗಿ ನೋಡತಿದ್ರು ನನ್ನ.’

ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ನಾನು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ನೆಲ ಎಂದು ನಿಂತಿದ್ದೆ.

‘ಸರ್‌ಗೆ ಇದು ಗೊತ್ತಿತ್ತೇನ್ರಿ?’

‘ಗೊತ್ತಿತ್ತೋ ಏನೋ. ಅವರೂ ಎಂದೂ ಕೇಳಲಿಲ್ಲ, ನಾನೂ ಎಂದೂ ಹೇಳಲಿಲ್ಲ.’

‘ಇದನ್ನ ಬರೀಲೇನ್ರಿ ಅಮ್ಮಾರ?’

‘ಬರಿ. ಪುಸ್ತಕದಾಗೂ ಹಾಕಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲು ಇಲ್ಲಿ ತಂದು ಓದು.’

‘ಓದಿದ್ರ ಏನಂತೀರಿ?’

ಅಮ್ಮಾರು ನನ್ನ ಮುಖವನ್ನಲ್ಲ, ನನ್ನ ಚೀಲದಲ್ಲಿದ್ದ ಹಾಳೆಗಳ ಕಡೆ ನೋಡಿದರು.

‘ಅಲ್ಲ ಅಂತೀನಿ’ ಎಂದರು.

ನಾನು ಮೆಟ್ಟಿದ್ದ ಒಂದು ಚಪ್ಪಲಿಯನ್ನು ಕಳಚಿಟ್ಟು ಮತ್ತೆ ಒಳಗೆ ಹೋದೆ.